ಮೊದಲ ಹಿಟ್ಟು ಕೂಸಿಗೆ

ಕಾಳು ಮುಗಿಯುತ್ತ ಬಂದಾಗ ಗಿರಣಿಯ ದನಿ ಬದಲಾಗುತ್ತದೆ. ಬಾಯಿ ತುಂಬ ಇಟ್ಟುಕೊಂಡು ಗುರುಗುಟ್ಟುತ್ತಿದ್ದದ್ದು ಮೆಲ್ಲಗೆ ಏರಿ, ತೆಳುವಾಗಿ, ಕೊನೆಗೆ ಕಲ್ಲಿಗೆ ಕಲ್ಲು ತಾಗಿ ಕಿರ್ರೆನ್ನಬೇಕು. ಆದರೆ ಆ ಕಿರ್ರೆನ್ನುವ ಸದ್ದನ್ನು ಬೆಂಗಳೂರಿನ ಕುಂದಲಹಳ್ಳಿಯ ಹಳೇ ಊರಿನ ಬೀದಿಯಲ್ಲಿ ಯಾರೂ ಕೇಳಿದ್ದಿಲ್ಲ. ಅದಕ್ಕೆ ಒಂದು ಗಳಿಗೆ ಮುಂಚೆಯೇ ಹನುಮವ್ವ ಬಂದಿರುತ್ತಾಳೆ. ಎದುರಿನ ಬೇಕರಿಯ ಮುಂದೆ ಚಹಾ ಕುಡಿಯುತ್ತಿರಲಿ, ಹಿಂದಿನ ಕೋಣೆಯಲ್ಲಿ ಅನ್ನಕ್ಕಿಟ್ಟಿರಲಿ, ದನಿ ಏರತೊಡಗಿದ್ದೇ ಒಳಗೆ ನುಗ್ಗಿ ಮುಂದಿನ ಡಬ್ಬಿಯ ಕಾಳನ್ನು ಗಿರಣಿಯ ತಗಡಿನ ಬಾಯಿಗೆ ಸುರಿದುಬಿಡುತ್ತಾಳೆ. ಗಿರಣಿ ಮತ್ತೆ ತೃಪ್ತಿಯಿಂದ ಗುರುಗುಡುತ್ತದೆ.

ಸೀರೆಯ ಮೇಲೊಂದು ಗಂಡಸರ ಅಂಗಿ, ತಲೆಗೆ ಸುತ್ತಿದ ಟವೆಲು, ಹುಬ್ಬಿನಿಂದ ಮೊಣಕೈತನಕ ಹಿಟ್ಟು. ನಲವತ್ತು ದಾಟಿದ ಹೆಂಗಸು, ಹಗಲಲ್ಲಿ ಎಪ್ಪತ್ತರ ಮುದುಕಿಯಂತೆ ಬೆಳ್ಳಗಿರುತ್ತಾಳೆ. ಸಂಜೆ ಮೈ ತೊಳೆದು ಹೊರಗೆ ಬಂದರೆ ಬೇರೆ ಯಾರೋ ಎಂದು ಪಕ್ಕದ ಮನೆಯ ನಾಯಿ ಬೊಗಳಿದ್ದೂ ಇದೆ. ಗಿರಣಿಯ ನೆಲದಲ್ಲಿ ಸರದಿ ನಿಲ್ಲುವುದು ಜನರಲ್ಲ, ಡಬ್ಬಿಗಳು. ಜನ ಡಬ್ಬಿ ಇಟ್ಟು ಹೋಗುತ್ತಾರೆ. ಯಾವ ಡಬ್ಬಿ ಯಾರದು, ಯಾರಿಗೆ ನುಣ್ಣಗೆ ಬೇಕು, ಯಾರಿಗೆ ಸ್ವಲ್ಪ ತರಿ ಬೇಕು ಎನ್ನುವುದು ಹನುಮವ್ವನಿಗೆ ಗೊತ್ತು.

ಕೈಯಲ್ಲಿ ಚೀಲ ಹಿಡಿದು ಬೀದಿಯಲ್ಲಿ ಹೋಗುವವರನ್ನು ಅವಳು ಸುಮ್ಮನೆ ಹೋಗಲು ಬಿಡುವುದಿಲ್ಲ.

"ಅಕ್ಕಾ, ಚೀಲದಾಗ ಏನೈತಿ?"

"ತರಕಾರಿ ಕಣೇ ಹನುಮವ್ವ."

"ತರಕಾರಿ ಬೀಸಾಕ ಬರಂಗಿಲ್ಲ ನೋಡ್ರಿ. ಬರೂದಿದ್ರ ಅದನ್ನೂ ಬೀಸಿ ಕೊಡ್ತಿದ್ದೆ."

ಜನ ನಗುತ್ತಾರೆ. ಅವಳೂ ನಗುತ್ತಾಳೆ. "ನನಗ ಆಸಿ ಭಾಳ," ಅನ್ನುತ್ತಾಳೆ, ಬೇರೆಯವರು ತಮ್ಮ ಎತ್ತರವನ್ನೋ ಬಣ್ಣವನ್ನೋ ಹೇಳಿಕೊಳ್ಳುವ ಹಾಗೆ.

ಸಿಂಧನೂರು ಕಡೆಯಿಂದ ಗಂಡ ಯಮನಪ್ಪನ ಜೊತೆ ಅವಳು ಬಂದದ್ದು ಇಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲಿ. ಅವನು ಕಬ್ಬಿಣ ಕಟ್ಟುತ್ತಿದ್ದ, ಅವಳು ಮರಳು ಹೊರುತ್ತಿದ್ದಳು. ಒಂದು ಕಟ್ಟಡ ಮುಗಿದರೆ ತಗಡಿನ ಶೆಡ್ಡನ್ನು ಬಿಚ್ಚಿ ಇನ್ನೊಂದರ ಪಕ್ಕ ಹಾಕುವುದು. ರೊಟ್ಟಿಯಿಲ್ಲದೆ ಊಟ ಸೇರದ ಜನ. ಊರಿನಿಂದ ತಂದ ಜೋಳವನ್ನು ಬೀಸಿಸಲು ಹಳೇ ಊರಿನ ಈ ಗಿರಣಿಗೆ ಬಂದರೆ ಮುಕ್ಕಾಲು ಸಲ ಬೀಗ ಹಾಕಿರುತ್ತಿತ್ತು.

ಗಿರಣಿ ಶ್ಯಾಮಣ್ಣನದು. ಸುತ್ತ ರಾಗಿ ಹೊಲಗಳಿದ್ದಾಗ ಅವನ ಅಪ್ಪ ಹಾಕಿದ್ದು. ಹೊಲಗಳು ಹೋಗಿ ಕಟ್ಟಡಗಳಾದವು, ಬಾಡಿಗೆ ಬರತೊಡಗಿತು, ಶ್ಯಾಮಣ್ಣನಿಗೆ ಗಿರಣಿ ನೆನಪಾದರೆ ತೆಗೆಯುತ್ತಿದ್ದ, ಇಲ್ಲದಿದ್ದರೆ ಇಲ್ಲ. ಒಂದು ದಿನ ಬೀಗದ ಮುಂದೆ ಡಬ್ಬಿ ಹಿಡಿದು ನಿಂತಿದ್ದ ಹನುಮವ್ವ, ತನ್ನ ಹಾಗೆಯೇ ಬಂದು ತನ್ನ ಹಾಗೆಯೇ ವಾಪಸ್ಸು ಹೋಗುತ್ತಿದ್ದ ಹೆಂಗಸರನ್ನು ನೋಡಿದಳು. ಶೆಡ್ಡಿನವರು, ಕಾರ್ಖಾನೆಯವರು, ಮನೆಗೆಲಸದವರು. ತುಂಬಿದ ಡಬ್ಬಿಗಳು ಬಂದ ದಾರಿಯಲ್ಲೇ ತಿರುಗಿ ಹೋಗುತ್ತಿದ್ದವು. ಗಿರಣಿ ತನ್ನದಲ್ಲ, ನಷ್ಟ ತನ್ನದಲ್ಲ, ಆದರೂ ಅವಳು ಆ ಡಬ್ಬಿಗಳನ್ನು ಒಂದೊಂದಾಗಿ ಎಣಿಸಿದಳು. ನೆಟ್ಟಗೆ ಶ್ಯಾಮಣ್ಣನ ಮನೆಗೆ ಹೋದಳು.

"ಅಣ್ಣಾರ, ಗಿರಣಿ ಕೀಲಿ ನನಗ ಕೊಡ್ರಿ."

ಶ್ಯಾಮಣ್ಣ ಜಗಲಿಯ ಮೇಲೆ ಪೇಪರು ಓದುತ್ತಿದ್ದ. "ನಿಂಗೆ ಗಿರಣಿ ಓಡ್ಸಕ್ಕೆ ಬರ್ತದೇನಮ್ಮಿ?"

"ಬರಂಗಿಲ್ಲ. ಕೀಲಿ ತಗಿಯಾಕ ಬರತೈತಿ. ಉಳಿದದ್ದು ನೀವು ಕಲಸ್ರಿ."

ಅವನು ಪೇಪರು ಮಡಿಸಿಟ್ಟು ಅವಳನ್ನೇ ನೋಡಿದ. ಆಮೇಲೆ ಎದ್ದು ಬಂದು ಕಲಿಸಿದ. ಕಲ್ಲು ಬಿಗಿ ಮಾಡುವುದು, ಸಡಿಲಿಸುವುದು, ಬೆಲ್ಟು ಏರಿಸುವುದು, ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಕಟ್ಟುವುದು. ಜೊತೆಗೆ ಎರಡು ಕಟ್ಟಳೆ ಹೇಳಿದ.

"ಖಾರದ ಪುಡಿ ಶನಿವಾರ ಸಂಜೆಗ್ ಮಾತ್ರ ಕಣವ್ವಾ. ಇರೋದೊಂದೇ ಕಲ್ಲು. ಭಾನುವಾರ ಗಿರಣಿ ಬಾಗ್ಲು ತಗೀಬ್ಯಾಡ, ಕಲ್ಲು ಬಿಚ್ಚಿ ಬ್ರಷ್ ಹಾಕಿ ಉಜ್ಜು. ಆಮ್ಯಾಕೆ ಮೂರು ಸಲ ನುಚ್ಚು ಹಾಕಿ ಓಡ್ಸಿ, ಬಂದಿದ್ದನ್ನ ಚೆಲ್ಬುಡು. ಲಾಸಾತದೆ ಅಂತ ಮೊಕ ಸಿಂಡರಿಸ್ಬ್ಯಾಡ."

"ಇನ್ನೊಂದು?"

"ಎಳೇ ಮಗೀಗೆ ಅಂತ ಯಾರಾನ ರಾಗಿ ತಂದ್ರೆ, ಬೆಳಗ್ಗೆ ಮೊದಲ್ನೇ ಇಟ್ಟು ಅದೇ. ಅದಕ್ಕೆ ದುಡ್ಡು ಇಸ್ಕೊಳಂಗಿಲ್ಲ. ನಮ್ಮಪ್ಪನ ಕಾಲದಿಂದ ಇಂಗೇಯ. ಈ ಊರಲ್ಲಿ ಹಲ್ಲು ಬಂದಿರೋರೆಲ್ಲ ಈ ಕಲ್ಲಿನ ಇಟ್ಟು ತಿಂದೇ ಬಂದಿರೋದು."

ಪುಕ್ಕಟೆ ಬೀಸುವುದು ಮೊದಮೊದಲು ಹನುಮವ್ವನಿಗೆ ಸಂಕಟದ ಕೆಲಸವೇ ಆಗಿತ್ತು. ನಿಧಾನವಾಗಿ ಅವಳ ಆಸೆಯೇ ಅವಳಿಗೆ ಬುದ್ಧಿ ಹೇಳಿತು. ಮೊದಲ ರಾಗಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದ ತಾಯಿ ಮತ್ತೆ ಬೇರೆ ಗಿರಣಿಗೆ ಹೋಗುವುದಿಲ್ಲ. ಅದನ್ನು ಕಂಡುಕೊಂಡ ಮೇಲೆ ಅವಳು ಗರ್ಭಿಣಿಯರನ್ನು ಕಂಡರೂ ಬೀದಿಯಲ್ಲಿ ನಿಲ್ಲಿಸಿ ಮಾತಾಡಿಸತೊಡಗಿದಳು. ಆ ಮಾತಿನಲ್ಲಿ ಲೆಕ್ಕಾಚಾರ ಎಷ್ಟು, ಅಕ್ಕರೆ ಎಷ್ಟು ಎಂದು ಬೇರೆ ಮಾಡಿ ತೋರಿಸಲು ಅವಳಿಗೂ ಆಗುತ್ತಿರಲಿಲ್ಲ.

ಕೆಲಸ ಮುಗಿಸಿ ಬರುವವರಿಗಾಗಿ ಕತ್ತಲಾದ ಮೇಲೂ ಬಾಗಿಲು ತೆರೆದಿಟ್ಟಳು. ಕೆಲವೇ ವರ್ಷಗಳಲ್ಲಿ ಗಿರಣಿಯನ್ನು ಬಾಡಿಗೆಗೆ ತೆಗೆದುಕೊಂಡು ತಾನೇ ನಡೆಸತೊಡಗಿದಳು. ಯಮನಪ್ಪನಿಗೆ ಬೆನ್ನು ನೋವು ಶುರುವಾದ ಮೇಲೆ ಅವನು ಕಬ್ಬಿಣದ ಕೆಲಸ ಬಿಟ್ಟು ತಾನೇ ಕಟ್ಟಿದ್ದ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯಾದ. ಅಲ್ಲಿಂದ ಅವನು ತಂದ ಸುದ್ದಿಯೊಂದು ಗಿರಣಿಯ ದೆಸೆ ತಿರುಗಿಸಿತು.

"ಒಳಗ ನಮ್ಮ ಕಡಿ ಮಂದಿ ಭಾಳ ಅದಾರ. ದಾವಣಗೆರಿ, ಹುಬ್ಬಳ್ಳಿ, ಕಲಬುರ್ಗಿ. ಪ್ಯಾಕೆಟ್ಟಿನ ಜೋಳದ ಹಿಟ್ಟು ತರಿಸ್ತಾರ. ಹಳೇ ಹಿಟ್ಟಿಗೆ ಜಿಗಿ ಎಲ್ಲಿರತೈತಿ, ರೊಟ್ಟಿ ತಟ್ಟಿದ್ರ ಹರೀತಾವ. ದಿನಾ ಬೈಯೂದು ಕೇಳತೀನಿ."

ಮರುವಾರವೇ ಊರಿನ ರಾತ್ರಿ ಬಸ್ಸಿನಲ್ಲಿ ಜೋಳದ ಚೀಲ ಬಂದಿಳಿಯಿತು. ಹನುಮವ್ವ ಅದನ್ನು ಆಗಿಂದಾಗ ಬೀಸಿ ಮಾರತೊಡಗಿದಳು.

ಆ ಅಪಾರ್ಟ್‌ಮೆಂಟಿನಿಂದ ಮೊದಲು ಬಂದವರು ಕಮಲಮ್ಮ. ಹರಿಹರದವರು, ಮಗಳು ಸೌಮ್ಯಾಳ ಮನೆಯಲ್ಲಿದ್ದರು. ಹಿಟ್ಟನ್ನು ತರಿಸಿಕೊಳ್ಳುವುದು ಬಿಟ್ಟು ತಾವೇ ನಡೆದು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬಟ್ಟೆಯ ತೋಳಿನಿಂದ ಇಳಿಯುವ ಬಿಸಿ ಹಿಟ್ಟನ್ನು ಬೆರಳಿನ ನಡುವೆ ತೀಡಿ ನೋಡುತ್ತಿದ್ದರು. ಊರಲ್ಲಾಗಿದ್ದರೆ ಅವರಂಥವರ ಮನೆಯ ಡಬ್ಬಿ ಹನುಮವ್ವನ ಕೈಗೆ ಬರುತ್ತಿರಲಿಲ್ಲ. ಇಲ್ಲಿ ಬಂದಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ. ಕಮಲಮ್ಮ ಹೇಳಿದ ಮೇಲೆ ಮೂರನೇ ಮಹಡಿಯವರು ಬಂದರು, ಪಕ್ಕದ ಟವರಿನವರು ಬಂದರು, ಗಿರಣಿಯ ನೆಲದಲ್ಲಿ ತಗಡಿನ ಡಬ್ಬಿಗಳ ನಡುವೆ ಸ್ಟೀಲಿನವು ಮಿನುಗತೊಡಗಿದವು. ಸೌಮ್ಯಾಳಿಗೆ ಹೆಣ್ಣುಕೂಸು ಹುಟ್ಟಿದಾಗ ಹನುಮವ್ವ ಬೆಲ್ಲ ಕೊಬ್ಬರಿ ಕಟ್ಟಿಕೊಂಡು ಹೋಗಿ ನೋಡಿ ಬಂದಳು.

ಸಿದ್ರಾಮ ಬಂದದ್ದು ಆ ವರ್ಷದ ಬೇಸಿಗೆಯಲ್ಲಿ. ಅವನೂ ಅವಳ ಕಡೆಯವನೇ. ಸಿಂಗಸಂದ್ರದಲ್ಲಿ ಅಡುಗೆಮನೆ ಮಾಡಿಕೊಂಡು ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನುಗಳಿಗೆ, ಪಿಜಿಗಳಿಗೆ ಊಟ ಕಳಿಸುತ್ತಿದ್ದ. ಮೆಣಸಿನಕಾಯಿಯ ಚೀಲಗಳನ್ನು ಗಾಡಿಯಲ್ಲೇ ಹೇರಿಕೊಂಡು ಬಂದಿದ್ದ.

"ಪ್ಯಾಕೆಟ್ ಖಾರದಾಗ ಏನು ಬೆರಸ್ತಾರೋ ಆ ದೇವರಿಗೇ ಗೊತ್ತು. ನಿನ್ನ ಕಲ್ಲಿನ ಖಾರ ನೋಡೀನಿ ಹನುಮವ್ವ. ಎಷ್ಟು ಬೀಸ್ತಿ ಅಷ್ಟು ತಗೋತೀನಿ."

ಮೊದಲು ಶನಿವಾರ ಸಂಜೆ ಮಾತ್ರ. ಆಮೇಲೆ ಬುಧವಾರವೂ. ಬೇಸಿಗೆ ಏರಿದಂತೆ ಪ್ರತಿ ಸಂಜೆ. ಜೋಳದ ಸಣ್ಣ ಡಬ್ಬಿಗಳು ದಿನವಿಡೀ ಕೊಡುತ್ತಿದ್ದುದನ್ನು ಖಾರದ ಚೀಲಗಳು ಸಂಜೆಯೊಂದರಲ್ಲಿ ಕೊಡುತ್ತಿದ್ದವು. ಭಾನುವಾರದ ಬಾಗಿಲೂ ತೆರೆಯಿತು. ಕಲ್ಲು ಬಿಚ್ಚುವುದು ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೆ ಹೋಯಿತು. ನುಚ್ಚು ಹಾಕಿ ಓಡಿಸುವುದನ್ನು ಅವಳು ಬಿಡಲಿಲ್ಲ, ಆದರೆ ಮೂರು ಸಲ ಹೋಗಿ ಎರಡಾಯಿತು, ಎರಡು ಹೋಗಿ ಒಂದಾಯಿತು. ಹಿಂದೆ ಬೀಗದ ಮುಂದಿನಿಂದ ತಿರುಗಿ ಹೋಗುತ್ತಿದ್ದ ಡಬ್ಬಿಗಳ ಹಾಗೆಯೇ ಚೆಲ್ಲಬೇಕಾದ ನುಚ್ಚನ್ನೂ ಅವಳು ನಷ್ಟವೆಂದು ಎಣಿಸುತ್ತಿದ್ದಳು.

ಬಾಡಿಗೆಗೆ ಬಂದ ಶ್ಯಾಮಣ್ಣ ಬಾಗಿಲಲ್ಲೇ ಕೆಮ್ಮಿದ. "ಏನ್ ಗಾಟು ಕಣವ್ವಾ ಅನುಮವ್ವಾ. ನಿಂಗೆ ಮೂಗು ಗೀಗು ಐತೋ ಇಲ್ವೋ?"

"ನನಗೇನೂ ಅನಸಂಗಿಲ್ಲ ಅಣ್ಣಾರ."

"ಅದೇ ಯೋಳ್ತಿರೋದು. ಕಲ್ಲಿಗೂ ಒಂದಿನ ಬಿಡುವು ಬ್ಯಾಡ್ವಾ?"

"ಕಲ್ಲಿಗ್ಯಾಕ್ರಿ ಬಿಡುವು? ಅದಕೇನು ಹೆಂಡ್ರು ಮಕ್ಕಳ ಚಿಂತಿ ಐತೇನು?" ಎಂದು ಅವಳು ನಗಿಸಿ ಕಳಿಸಿದಳು.

ಅವಳಿಗೆ ನಿಜವಾಗಿಯೂ ಏನೂ ಅನ್ನಿಸುತ್ತಿರಲಿಲ್ಲ. ಕಲ್ಲು ಶುದ್ಧವಾಯಿತೋ ಇಲ್ಲವೋ ಎಂದು ಗಿರಣಿಯವರು ನೋಡುವುದು ನಾಲಿಗೆಯಿಂದ. ಕೊನೆಯಲ್ಲಿ ಬಿದ್ದ ನುಚ್ಚಿನ ಹಿಟ್ಟನ್ನು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಗೊತ್ತಾಗುತ್ತದೆ. ಅವಳು ಹಾಗೆಯೇ ನೋಡುತ್ತಿದ್ದಳು, ಒಂದು ದಿನವೂ ತಪ್ಪಿಸಲಿಲ್ಲ. ಆದರೆ ತಿಂಗಳುಗಟ್ಟಲೆ ಖಾರದ ಧೂಳು ಕುಡಿದ ನಾಲಿಗೆ ಅದು. ಮನೆಯಲ್ಲಿ ಯಮನಪ್ಪ ಸಾರಿಗೆ ಮೊಸರು ಕಲಸಿಕೊಂಡು ಉಣ್ಣತೊಡಗಿದ್ದ. ಅವಳಿಗೆ ಅದೇ ಸಾರು ಸಪ್ಪೆ ಎನ್ನಿಸುತ್ತಿತ್ತು. ಅದನ್ನೊಂದು ತಮಾಷೆಯ ವಿಷಯವೆಂದಷ್ಟೇ ಇಬ್ಬರೂ ತಿಳಿದಿದ್ದರು.

ಒಂದು ಸಂಜೆ ಸಿದ್ರಾಮನ ಚೀಲಗಳು ಮುಗಿದಾಗ ತಡವಾಗಿತ್ತು. ಅವಳು ಒಂದು ಸೇರು ನುಚ್ಚು ಹಾಕಿ ಓಡಿಸಿ, ಚಿಟಿಕೆ ಬಾಯಿಗೆ ಹಾಕಿಕೊಂಡು, ಸರಿಯಿದೆ ಎಂದು ಬಾಗಿಲೆಳೆದಳು.

ಮರುದಿನ ಬೆಳಿಗ್ಗೆ ಕಮಲಮ್ಮ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ರಾಗಿ ತಂದರು. ಕೂಸಿಗೆ ಆರು ತಿಂಗಳು ತುಂಬಿತ್ತು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಬಾಲ್ಕನಿಯಲ್ಲಿ ನೆರಳಿಗೆ ಒಣಗಿಸಿ, ಹದವಾಗಿ ಹುರಿದು ತಂದಿದ್ದರು.

"ಮೊದಲನೇದು ನಮ್ಮದೇ ಅಲ್ವೇನೇ ಹನುಮವ್ವ?"

"ಮತ್ಯಾರದು ಯವ್ವಾ? ಕೂಸಿಂದೇ ಮೊದಲು."

ರಾಗಿಯ ಹಿಟ್ಟು ಮಬ್ಬು ಬಣ್ಣದ್ದು. ಅದರಲ್ಲಿ ಕೆಂಪು ಕಾಣಿಸಲಿಲ್ಲ. ಕಮಲಮ್ಮ ದುಡ್ಡು ಕೊಡಲು ಬಂದರೆ ಹನುಮವ್ವ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು.

ನಾಲ್ಕಾರು ದಿನ ಕಳೆದ ಮೇಲೆ ಕಮಲಮ್ಮ ಮತ್ತೆ ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಕುರ್ಚಿಯಲ್ಲಿ ಕೂತರು. ಹನುಮವ್ವ ಜೋಳ ಸುರಿಯುತ್ತಿದ್ದವಳು ತಿರುಗಿ ನೋಡಿದಳು.

"ಕೂಸು ಉಂತೇನ್ರಿ ಯವ್ವಾ?"

ಕಮಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದರು. ರಾಗಿ ಸರಿ ಕಾಯಿಸಿ, ಆರಿಸಿ, ತೊಡೆಯ ಮೇಲೆ ಮಲಗಿಸಿಕೊಂಡು ಮೊದಲ ಚಮಚ ತಾವೇ ಇಟ್ಟಿದ್ದರು. ಒಂದು ಕ್ಷಣ ಕೂಸು ಚಪ್ಪರಿಸಿತು. ಆಮೇಲೆ ಅದರ ಮುಖ ಕೆಂಪಾಗಿ, ಉಸಿರು ಕಟ್ಟಿ, ಮನೆಯೇ ಬೆಚ್ಚುವ ಹಾಗೆ ಕಿರುಚಿತು. ನಾಲಿಗೆ, ತುಟಿ, ಗಲ್ಲ ಎಲ್ಲ ಕೆಂಡ. ಡಾಕ್ಟರು, ಖಾರ ತಾಗಿದೆ, ಏನೂ ಆಗಲ್ಲ ಎಂದರು. ಆದರೆ ಅವತ್ತಿನಿಂದ ಕೂಸು ಚಮಚ ಕಂಡರೆ ಬಾಯಿ ಬಿಗಿದುಕೊಳ್ಳುತ್ತಿತ್ತು. ಏನು ಕೊಟ್ಟರೂ ಅಷ್ಟೆ. ಸೌಮ್ಯಾಳಿಗೆ ಕೆಲಸ, ಹಾಲೂ ಕಡಿಮೆ. ತೂಕ ಏರುತ್ತಿಲ್ಲ.

"ತಪ್ಪು ನಂದೇ ಹನುಮವ್ವ. ಬಾಲ್ಕನೀಲಿ ರಾಗಿ ಒಣಗಿಸಿದ ಪಂಚೆ ಮೇಲೇ ಹಿಂದಿನ ವಾರ ಮೆಣಸಿನಕಾಯಿ ಒಣ ಹಾಕಿದ್ದೆ. ಒಗೆದಿದ್ದೆ, ಆದ್ರೂ ಉಳಿದಿತ್ತೇನೋ. ಸೌಮ್ಯಾ ಸಿಟ್ಟು ಮಾಡ್ಕೊಂಡಾಳ. ಇನ್ನು ನೀನು ಮಗೂಗೆ ಏನೂ ತಿನ್ನಿಸಬೇಡಮ್ಮ ಅಂದ್ಲು. ನನ್ನ ಕೈ ಕಂಡ್ರೆ ಕೂಸು ಮೊಕ ತಿರುಗಿಸ್ತೈತಿ. ಅವಳನ್ನ ಏನಂತ ಅನ್ಲಿ?"

ಹನುಮವ್ವನಿಗೆ ಆ ಕ್ಷಣವೇ ಗೊತ್ತಾಯಿತು. ರಾಗಿ ಬೀಸಿದ ಹಿಂದಿನ ಸಂಜೆಯ ಖಾರದ ಚೀಲಗಳು, ಒಂದೇ ಸೇರು ನುಚ್ಚು, ಸಪ್ಪೆ ಸಾರು, ಎಲ್ಲ ಒಟ್ಟಿಗೆ ಎದುರು ಬಂದು ನಿಂತವು. ಬಾಯಿ ತೆರೆದಳು. ನೆಲದ ಮೇಲೆ ಸಾಲಾಗಿ ಕೂತ ಸ್ಟೀಲ್ ಡಬ್ಬಿಗಳು ಕಣ್ಣಿಗೆ ಬಿದ್ದವು.

"ಆಗತೈತ್ರಿ ಯವ್ವಾ," ಅಂದಳು. "ವಯಸ್ಸಾದ ಮ್ಯಾಲ ಮರವು ಇದ್ದದ್ದೇ."

ಕಮಲಮ್ಮ ತಲೆಯಾಡಿಸಿ ಎದ್ದು ಹೋದರು. ಅವರ ನಡಿಗೆ ಮೊದಲಿನ ಹಾಗಿರಲಿಲ್ಲ. ತನ್ನ ಕೈಯನ್ನು ತಾನೇ ನಂಬದವರ ಹಾಗೆ, ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದರು.

ಅವತ್ತಿನಿಂದ ಹನುಮವ್ವ ಕಲ್ಲಿಗೆ ಮೂರು ಸಲ, ನಾಲ್ಕು ಸಲ ನುಚ್ಚು ಹಾಕಿ ಓಡಿಸತೊಡಗಿದಳು. ತನ್ನ ನಾಲಿಗೆಯನ್ನು ನಂಬದೆ ಎದುರಿನ ಬೇಕರಿಯವನನ್ನು ಕರೆದು ಹಿಟ್ಟು ನೆಕ್ಕಿಸಿ ನೋಡುತ್ತಿದ್ದಳು. ಆದರೆ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಎನ್ನುವುದು ಅವಳಿಗೆ ಸ್ಪಷ್ಟವಾಗಿತ್ತು. ಒಂದು ಮನೆಯಲ್ಲ, ಇಡೀ ಅಪಾರ್ಟ್‌ಮೆಂಟು ಹೋಗುತ್ತದೆ. ಯಮನಪ್ಪ ಅದೇ ಗೇಟಿನಲ್ಲಿ ನಿಲ್ಲುವವನು.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ದಿನಾ ಮುಂಜಾನೆ ಆ ಯವ್ವ ಕೂಸಿನ್ನ ಎಳೇ ಬಿಸಿಲಿಗೆ ಕೆಳಗ ತರತಾರ. ಮೊದಲ ಎತ್ತಿಕೊಂಡು ತರತಿದ್ರು. ಈಗ ಗಾಡ್ಯಾಗ ಮಲಗಿಸಿ ತಳ್ಳಿಕೊಂಡು ಬರತಾರ. ಮುಟ್ಟಾಕೂ ಹೆದರಿಕಿ ಅನ್ನೂಹಂಗ. ನಾ ಯಾಕಪ್ಪಾ ಅಂದ್ಕೊಂಡಿದ್ದೆ."

"ಏನ್ ಮಾಡ್ಲಿ ಹೇಳು."

"ನಾ ಹೇಳಿದ್ದು ಯಾವತ್ತು ಕೇಳೀದಿ ನೀನು?"

"ಹೇಳಿದ್ರ ಗಿರಾಕಿ ಹೋಗತಾವ."

"ಹೂಂ. ಹೋಗತಾವ."

"ನಿನ್ನ ಕೆಲಸಕ್ಕೂ ಕುತ್ತು."

"ಗೇಟು ಕಾಯಾಕ ಬೆಂಗಳೂರಾಗ ಗೇಟಿಗೇನ್ ಬರ ಬಂದೈತೇನು?" ಎಂದು ಅವನು ಉಳಿದ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿದ. "ಉಣ್ಣು ಮೊದಲ. ನೀ ಎಂಟು ದಿನದಿಂದ ಅರ್ಧ ರೊಟ್ಟಿ ತಿನ್ನಾಕತ್ತೀದಿ. ಆಸಿಬುರುಕಿಗೆ ಇದು ಚಂದ ಕಾಣಂಗಿಲ್ಲ."

ಸಂಜೆ ಅವಳು ಮೈ ತೊಳೆದು, ಒಗೆದ ಸೀರೆಯುಟ್ಟು ಹೋದಳು. ಬಾಗಿಲು ತೆರೆದವಳು ಸೌಮ್ಯಾ, ಕೊರಳಲ್ಲಿ ಹೆಡ್‌ಫೋನು ಇನ್ನೂ ನೇತಾಡುತ್ತಿತ್ತು. ನಡುಮನೆಯ ಚಾಪೆಯ ಮೇಲೆ ಕೂಸು ಅಂಗಾತ ಮಲಗಿ ತನ್ನ ಕಾಲನ್ನು ತಾನೇ ಹಿಡಿಯಲು ನೋಡುತ್ತಿತ್ತು. ಕಮಲಮ್ಮ ಅದರಿಂದ ದೂರ, ಗೋಡೆಗೊರಗಿ ಕೂತು ಬಟ್ಟೆ ಮಡಿಸುತ್ತಿದ್ದರು. ಹನುಮವ್ವ ಒಳಗೆ ಬಂದು ನೆಲದ ಮೇಲೆ ಕೂತಳು. ಕುರ್ಚಿ ತೋರಿಸಿದರೂ ಏಳಲಿಲ್ಲ.

"ಯವ್ವಾ, ನಿಮ್ಮ ಪಂಚೆದ್ದಲ್ಲ ಅದು. ನನ್ನ ಕಲ್ಲಿಂದು."

ಕಮಲಮ್ಮನ ಕೈ ನಿಂತಿತು.

"ಹಿಂದಿನ ಸಂಜಿ ಖಾರ ಬೀಸಿದ್ದೆ. ಸರಿಯಾಗಿ ತೊಳೀಲಿಲ್ಲ. ನುಚ್ಚು ಉಳಿಸಾಕ ಹೋದೆ."

ಸೌಮ್ಯಾ ನಿಂತಲ್ಲೇ ಕೇಳಿದಳು. "ಅಮ್ಮ ಗಿರಣಿಗೆ ಬಂದು ಹೇಳಿದ್ರಲ್ಲ, ಆವಾಗ ನಿಮಗೆ ಗೊತ್ತಿತ್ತಾ?"

"ಗೊತ್ತಾತ್ರಿ."

"ಗೊತ್ತಿದ್ದೂ ವಯಸ್ಸಾಯ್ತು, ಮರೆವು ಅಂದ್ರಾ? ಅಮ್ಮ ಬಂದು ಅದನ್ನೇ ಹೇಳಿದ್ರು. 'ಹನುಮವ್ವನೂ ಹಂಗೇ ಅಂದ್ಲು ಕಣೆ, ನಂಗೆ ವಯಸ್ಸಾಯ್ತು' ಅಂತ."

ಹನುಮವ್ವ ನೆಲ ನೋಡಿದಳು. ಸೌಮ್ಯಾಳ ದನಿ ಏರಲಿಲ್ಲ, ಬದಲಿಗೆ ಕುಸಿಯಿತು. "ನಾನು ಅಮ್ಮನಿಗೆ ಏನೇನೋ ಅಂದ್ಬಿಟ್ಟೆ ಕಣ್ರೀ. ಮಗು ಮುಟ್ಟಬೇಡ ಅಂದೆ." ಅವಳು ತಾಯಿಯ ಕಡೆ ತಿರುಗಿದಳು, ಆದರೆ ಕಮಲಮ್ಮ ಹನುಮವ್ವನನ್ನೇ ನೋಡುತ್ತಿದ್ದರು.

"ನೀನಿನ್ನು ಹೋಗು ಹನುಮವ್ವ," ಅಂದರು.

ಬಾಗಿಲ ಬಳಿ ಚಪ್ಪಲಿ ಮೆಟ್ಟುವಾಗ ಅವಳು ಹಿಂದಿರುಗಿ ನೋಡಿದಳು. ಕಮಲಮ್ಮ ಮಡಿಸಿದ ಬಟ್ಟೆಗಳನ್ನು ಬದಿಗಿಟ್ಟು, ಮೊಣಕಾಲೂರಿ ಚಾಪೆಯ ಹತ್ತಿರ ಹೋಗಿ ಕೂಸನ್ನು ಎತ್ತಿಕೊಳ್ಳುತ್ತಿದ್ದರು.

ಸೌಮ್ಯಾ ವಿಷಯವನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಬರೆದಳು. ಕೆಟ್ಟ ಮಾತೇನೂ ಬರೆಯಲಿಲ್ಲ. ಮನೆಯಲ್ಲಿ ಎಳೇ ಮಕ್ಕಳಿದ್ದರೆ ಜೋಪಾನ ಎಂದು ಬರೆದಳು. ಬೇರೆ ತಾಯಂದಿರಿಗೆ ಹೇಳದೆ ಇರಲು ಅವಳಿಗೆ ಆಗುತ್ತಿರಲಿಲ್ಲ. ಸ್ಟೀಲ್ ಡಬ್ಬಿಗಳು ಒಂದೊಂದಾಗಿ ಹೋದವು. ಯಮನಪ್ಪನ ಕೆಲಸ ಮಾತ್ರ ಉಳಿಯಿತು. ಅವನ ಬಗ್ಗೆ ಯಾರೂ ಮಾತೆತ್ತಲಿಲ್ಲ, ಎತ್ತದಂತೆ ನೋಡಿಕೊಂಡವರು ಕಮಲಮ್ಮ ಎಂದು ಅವನಿಗೆ ಆಮೇಲೆ ತಿಳಿಯಿತು. ಜೋಳ ಬೀಸುವ ಕಲ್ಲಿನಲ್ಲಿ ಇನ್ನು ಖಾರ ಬೀಸುವುದಿಲ್ಲ ಎಂದು ಹನುಮವ್ವ ಹೇಳಿದಾಗ ಸಿದ್ರಾಮನೂ ಚೀಲಗಳನ್ನು ಹೇರಿಕೊಂಡು ಹೋದ. ಶೆಡ್ಡಿನವರ, ಕಾರ್ಖಾನೆಯವರ ತಗಡಿನ ಡಬ್ಬಿಗಳಷ್ಟೇ ನೆಲದ ಮೇಲೆ ಉಳಿದವು. ಗಿರಣಿ ಬಹಳ ಹೊತ್ತು ಸುಮ್ಮನಿರುತ್ತಿತ್ತು. ಅವಳ ನಾಲಿಗೆಗೆ ಮೆಲ್ಲಮೆಲ್ಲಗೆ ರುಚಿ ಮರಳಿತು. ಒಂದು ದಿನ ತಾನು ಮಾಡಿದ ಸಾರಿಗೆ ತಾನೇ ಕೆಮ್ಮಿದಳು.

ಯಮನಪ್ಪ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಗಿರಣಿಯ ಮುಂದೆ ಸೈಕಲ್ ನಿಲ್ಲಿಸಿದ ಕೂಡಲೇ ಅವಳು ಕೇಳುತ್ತಿದ್ದುದು ಒಂದೇ ಮಾತು.

"ಕೂಸು ಉಂತಂತೇನು?"

"ಇಲ್ಲ."

"ಯಾರನ್ನ ಕೇಳಿದಿ?"

"ಯವ್ವನ್ನೇ ಕೇಳಿದೆ. ಬರೀ ಹಾಲು. ಚಮಚ ಕಂಡ್ರ ತುಟಿ ಬಿಗೀತೈತಂತ. ಬೆರಳಿಂದ ನೆಕ್ಕಿಸಾಕ ನೋಡಿದ್ರಂತ, ಅದಕೂ ಇಲ್ಲ."

ಮಳೆಗಾಲ ಹಿಡಿಯಿತು. ಉತ್ತರ ಬದಲಾಗಲಿಲ್ಲ. ಅವಳು ಕೇಳುವುದನ್ನೂ ಬಿಡಲಿಲ್ಲ. ಗಿರಾಕಿ ಹೋದದ್ದರ ದುಃಖವನ್ನು ಅವಳು ಬಾಯಿಬಿಟ್ಟು ಹೇಳುತ್ತಿದ್ದಳು, ಅತ್ತು ಹಗುರಾಗುತ್ತಿದ್ದಳು. ಇದನ್ನು ಹಾಗೆ ಹೇಳಿಕೊಳ್ಳಲು ಆಗುತ್ತಿರಲಿಲ್ಲ. ಹಾದಿಯಲ್ಲಿ ಯಾವುದಾದರೂ ಕೂಸು ಬಾಯಿ ತೆರೆದು ಬಿಸ್ಕತ್ತು ಕಚ್ಚುವುದನ್ನು ಕಂಡರೆ ನಿಂತು ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಸಿದ್ರಾಮ ಮತ್ತೆ ಬಂದ. ಬೇರೆ ಕಡೆ ಬೀಸಿಸಿದ ಖಾರ ಸೀದು ಹೋಗಿ ಕ್ಯಾಂಟೀನಿನವರು ಬೈದಿದ್ದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಲು ಚಾಚಿದ.

"ನಿನ್ನ ಕಲ್ಲು ನಿನಗೇ ಇರ್ಲಿ. ಸಿಂಗಸಂದ್ರದಾಗ ನನ್ನ ಅಡಗಿಮನಿ ಹಿಂದ ಒಂದು ಶೆಡ್ಡೈತಿ. ಅಲ್ಲಿ ಹೊಸಾ ಮಷಿನ್ ಹಾಕೂನು, ಬರೀ ಖಾರಕ್ಕ. ನೀ ನಡಸು. ಲಾಭದಾಗ ಪಾಲು."

ಹನುಮವ್ವ ಡಬ್ಬಿಯೊಂದನ್ನು ಮಗುಚಿ ಹಾಕಿ ಅದರ ಮೇಲೆ ಕೂತಳು. ಅವಳ ಕಣ್ಣಿಗೆ ಹಳೆಯ ಹೊಳಪು ಬಂದಿತ್ತು. ಆಸೆ ಎಲ್ಲಿಗೂ ಹೋಗಿರಲಿಲ್ಲ.

"ಮಷಿನ್ ಯಾರ ಹೆಸರಿಗೆ?"

"ನನ್ನ ಹೆಸರಿಗೇ. ರೊಕ್ಕ ನಂದಲ್ಲ?"

"ಹಂಗಾರ ನಾ ಕೂಲಿಯಾಕಿ ಆದೆ. ಅರ್ಧ ಮಷಿನ್ ನಂದು, ಅಂದ್ರ ಮಾತಾಡು. ಮತ್ತ ವಾರಕ್ಕೊಂದಿನ ಬಂದ್."

"ಬಂದ್ ಯಾಕ? ಬರೀ ಖಾರದ ಮಷಿನ್ ಅದು. ಅದರಾಗ ಕೂಸಿನ ರಾಗಿ ಏನೂ ಬೀಸಂಗಿಲ್ಲಲ್ಲ."

"ಅಲ್ಲಿ ಕೆಲಸ ಮಾಡೋ ಹೆಣ್ಮಕ್ಕಳಿಗೆ ನಾಲಿಗಿ ಇರತೈತಿ. ಮೂಗು ಇರತೈತಿ. ವಾರಕ್ಕೊಂದಿನ ಬಂದ್."

ಸಿದ್ರಾಮ ನಕ್ಕ. "ನೀ ಭಾಳ ಗಟ್ಟಿ ಬಿಡವ್ವ. ಆತು, ಬಂದ್ ಇರ್ಲಿ. ಅರ್ಧ ಅನ್ನಬ್ಯಾಡ, ಮೂರರಾಗ ಒಂದು ಅನ್ನು. ಆದ್ರ ಈಗ ಹೇಳಬೇಕು. ಆನೇಕಲ್ಲಿನಾಗ ಒಬ್ಬಾವ ತಯಾರದಾನ, ಇಲ್ಲಿಂದ ಎದ್ರ ನೆಟ್ಟಗ ಅವನ ಕಡೀಗೇ ಹೋಗಾವ ನಾನು."

"ಮೂರರಾಗ ಒಂದು ಆಗಂಗಿಲ್ಲ. ಕೇಳಿಲ್ಲಿ, ಐದರಾಗ ಎರಡು," ಎಂದು ಅವಳು ಬೆರಳು ಮಡಚತೊಡಗಿದಳು. ಆಗ ಯಮನಪ್ಪನ ಸೈಕಲ್ ಬಂದು ನಿಂತಿತು. ಸ್ಟ್ಯಾಂಡ್ ಹಾಕದೆ, ಸೀಟಿನ ಮೇಲೆ ಕೂತೇ ಒಂದು ಕಾಲು ನೆಲಕ್ಕೂರಿ ನಿಂತ. ಅವಳು ಕೇಳುವ ಮೊದಲೇ ಹೇಳಿದ.

"ಉಂತಂತ."

ಹನುಮವ್ವನ ಮಡಚಿದ ಬೆರಳು ಹಾಗೆಯೇ ಇತ್ತು.

"ನಿನ್ನೆ ಸಂಜಿ. ಯವ್ವ ತಾವು ರೊಟ್ಟಿ ತಿನ್ನಾಕತ್ತಿದ್ರಂತ, ಕೂಸು ತೊಡಿ ಮ್ಯಾಲಿತ್ತಂತ. ಅವರ ಕೈಯಾನ ತುಣುಕು ಕಿತ್ಗೊಂಡು ಬಾಯಾಗಿಟ್ಟುಕೊಂಡು ಚೀಪಿತಂತ. ಮುಂಜಾನೆ ಮತ್ತ ಹಾಲಾಗ ನೆನಸಿ ಅವರ ಕೈಯಿಂದಾನ ಕೊಟ್ರ, ನುಂಗಿತಂತ. ಗೇಟಿಗೆ ಬಂದು ತಾವೇ ಹೇಳಿದ್ರು." ಅವನು ಟೋಪಿ ತೆಗೆದು ಬೆವರು ಒರೆಸಿಕೊಂಡ. "ನಿನಗ ಹೇಳಂದ್ರು. ಹನುಮವ್ವಗ ಹೇಳು ಅಂದ್ರು."

"ಕೆಳಗಾ ಅದಾರೇನು ಇನ್ನೂ?"

"ಬಿಸಿಲಿಗೆ ಕುಂತಾರ. ಎತ್ತಿಕೊಂಡು ಕುಂತಾರ."

ಸಿದ್ರಾಮನಿಗೆ ಇದೇನೂ ತಲೆಗೆ ಹೋಗಲಿಲ್ಲ. "ಐದರಾಗ ಎರಡು ಅಂದ್ರ ಹೆಚ್ಚಾತು ಹನುಮವ್ವ. ಒಂದು ಕೆಲಸ ಮಾಡೂನು. ಮೊದಲ ವರ್ಷ ಮೂರರಾಗ ಒಂದು ತಗೋ, ಮುಂದಿನ ವರ್ಷ ನೋಡ್ಕೊಂಡು..."

ಅವಳು ಎದ್ದಳು. ಟವೆಲು ಬಿಚ್ಚಲಿಲ್ಲ, ಮೈಮೇಲಿನ ಹಿಟ್ಟು ಕೊಡವಲಿಲ್ಲ. ಹುಬ್ಬು ಕೂದಲೆಲ್ಲ ಬೆಳ್ಳಗಿದ್ದ ಹಾಗೆಯೇ ಹೊಸ್ತಿಲು ದಾಟಿ ಬೀದಿಗಿಳಿದಳು.

"ಏ ಹನುಮವ್ವ, ಮಾತು ಮುಗೀಲಿಲ್ಲಲ್ಲ. ನಾ ಎದ್ದು ಹೋದ್ರ ಮತ್ತ ಬರಂಗಿಲ್ಲ ನೋಡು." ಸಿದ್ರಾಮ ಕುರ್ಚಿಯಿಂದ ಅರ್ಧ ಎದ್ದು ಯಮನಪ್ಪನ ಕಡೆ ತಿರುಗಿದ. "ಎಲ್ಲಿ ಹೊಂಟಳೋ ಮಾರಾಯಾ ಈಕಿ? ಐದರಾಗ ಎರಡು ಅಂದ್ರೂ ಹೂಂ ಅಂತೀನಿ, ಕರಿಯೋ."

ಯಮನಪ್ಪ ಕರೆಯಲಿಲ್ಲ. ಅವಳು ಆಗಲೇ ಅಪಾರ್ಟ್‌ಮೆಂಟಿನ ಕಡೆಗೆ ಹೋಗುವ ಬೀದಿಯ ತಿರುವಿನಲ್ಲಿದ್ದಳು, ನೀರಿನ ಟ್ಯಾಂಕರಿನ ಪಕ್ಕ ಗೋಡೆಗಂಟಿಕೊಂಡು ದಾರಿ ಮಾಡಿಕೊಳ್ಳುತ್ತ, ಬಿರಬಿರನೆ.